ದವಡೆ ಮುಂದೆ ತಂದ ಡಾಕ್ಟರಬಾಯಿ

ಡಾಕ್ಟರ್ ಶಾಂತಾಬಾಯಿ ಯಾರನ್ನೇ ಆದರೂ ಮೊದಲು ನೋಡುತ್ತಿದ್ದದ್ದು ಪಕ್ಕದಿಂದ. ಗದ್ದಕ್ಕೆ ಬೆರಳು ಕೊಟ್ಟು ಮುಖ ಹೊರಳಿಸಿ, ಹಣೆಯಿಂದ ಗದ್ದದವರೆಗೂ ನೋಡಿ, ಆಮೇಲೆ "ಹೆಸರೇನವಾ?" ಎನ್ನುತ್ತಿದ್ದರು.

ಅರವತ್ತರ ದಶಕದ ಆರಂಭದ ಮಾತು. ಮುಂಬೈಯಲ್ಲಿ ಕಲಿತು ಬಂದಿದ್ದ ಅವರದು ವಿಜಾಪುರದಲ್ಲಿ ಒಂದೇ ಕೋಣೆಯ ಹಲ್ಲಿನ ದವಾಖಾನೆ. ಅವ್ವ ನಮ್ಮೂರು ತಿಕೋಟಾದಿಂದ ನನ್ನನ್ನು ಅಲ್ಲಿಗೆ ಕರೆದೊಯ್ದಾಗ ನನಗೆ ಹನ್ನೆರಡು ವರ್ಷ. ಮೇಲಿನ ಹಲ್ಲು ತುಟಿಯ ಹೊರಗೆ, ಗದ್ದ ಇಲ್ಲವೆಂಬಷ್ಟು ಹಿಂದೆ. ಸಾಲಿಯಲ್ಲಿ ಓದಲು ಎಬ್ಬಿಸಿದರೆ ಬಾಯಿಗೆ ಕೈ ಅಡ್ಡ ಹಿಡಿದೇ ಓದುತ್ತಿದ್ದೆ.

"ಮುಂದಿನ ನಾಕ ಹಲ್ಲ ಕಿತ್ತ ಬಿಡ್ರಿ ಬಾಯಾರ," ಅಂದಳು ಅವ್ವ.

"ಹಲ್ಲಿಂದೇನ ತಪ್ಪಿಲ್ಲ ಬೇ. ಕೆಳಗಿನ ದವಡಿ ಹಿಂದ ಉಳದೈತಿ. ಹುಡುಗಿ ಇನ್ನಾ ಬೆಳ್ಯಾಕತ್ತಾಳ. ಈಗ ಜಗ್ಗಿದ್ರ ಬರತೈತಿ. ಎರಡ ವರ್ಸ ನನಗ ಕೊಡ್ರಿ."

ಹಲ್ಲುಗಳಿಗೆ ಉಕ್ಕಿನ ಪಟ್ಟಿ ಅಂಟಿಸಿ ತಂತಿ ಪೋಣಿಸಿದರು. ಮೇಲಿನ ಕೋರೆಹಲ್ಲಿನಿಂದ ಕೆಳಗಿನ ದವಡೆಹಲ್ಲಿಗೆ ಎರಡೂ ಕಡೆ ಪುಟ್ಟ ರಬ್ಬರ್ ಉಂಗುರ. ಊಟದ ಹೊತ್ತು ಬಿಟ್ಟರೆ ಅದನ್ನು ತೆಗೆಯುವಂತಿಲ್ಲ. ಕಬ್ಬು, ಹುರಿದ ಶೇಂಗಾ, ಕಟಕ ರೊಟ್ಟಿ ಎಲ್ಲ ಬಂದ್. ಮೊದಲ ವಾರ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಅಳುತ್ತಲೇ ತಿಂದೆ.

ಆರು ತಿಂಗಳಾದ ಮೇಲೆ ಆಯಿ, ಅಂದರೆ ಅಪ್ಪನ ತಾಯಿ, ಹಟ ಹಿಡಿದಳು. "ಕುದುರಿಗೆ ಕಡಿವಾಣ ಹಾಕಿಧಂಗ ಹಾಕ್ಯಾಳ ಆಕಿ. ಸಾಕ ಮಾಡ್ರಿ!" ಅವ್ವ ಸೋತಳು. ನಾನೂ ಖುಷಿಯಿಂದ ಉಂಗುರ ಬಿಚ್ಚಿಟ್ಟೆ.

ತಂತಿ ಬಿಗಿಸಿಕೊಳ್ಳಲು ತಿಂಗಳಿಗೊಮ್ಮೆ ಹೋಗಬೇಕಿತ್ತು. ಎರಡು ಸಲ ನಾವು ಹೋಗದಿದ್ದಾಗ, ಒಂದು ಭಾನುವಾರ ಶಾಂತಾಬಾಯಿಯೇ ಬಸ್ ಹತ್ತಿ ತಿಕೋಟಾಕ್ಕೆ ಬಂದರು. ವಾದ ಮಾಡಲಿಲ್ಲ. ಚೀಲದಿಂದ ನನ್ನ ಹಲ್ಲಿನ ಎರಡು ಪ್ಲಾಸ್ಟರ್ ಅಚ್ಚು ತೆಗೆದು ಆಯಿಯ ಕೈಗಿಟ್ಟರು. ಒಂದು ಮೊದಲ ದಿನದ್ದು, ಇನ್ನೊಂದು ಕೊನೆಯ ಸಲ ಹೋದಾಗಿನದು. ಆಯಿಗೆ ಕಣ್ಣು ಮಂಜು. ಬೆರಳಾಡಿಸಿಯೇ ನೋಡಿದಳು. ಮೊದಲನೆಯದರಲ್ಲಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಹೆಬ್ಬೆರಳೇ ಹೋಯಿತು. ಎರಡನೆಯದರಲ್ಲಿ ಕಿರುಬೆರಳೂ ತೂರಲಿಲ್ಲ.

"ಇಷ್ಟ ಮುಂದ ಬಂದೈತೇನ ಬೇ?"

"ಬಂದೈತ್ರಿ ಆಯಿ. ಈಗ ಬಿಟ್ರ ಹಿಂದಕ ಹೋಗತೈತಿ."

ಆಯಿ ನನ್ನತ್ತ ತಿರುಗಿದಳು. "ಉಂಗರ ಎಲ್ಲಿಟ್ಟೀ? ತಂದ ಹಾಕ್ಕೋ."

ಬೈಗುಳ ಕಾದು ತಲೆ ತಗ್ಗಿಸಿ ನಿಂತಿದ್ದೆ. ಶಾಂತಾಬಾಯಿ ಇಷ್ಟೇ ಅಂದರು: "ನಾ ತಂತಿ ಕಟ್ಟಾಕಿ ಅಷ್ಟ. ಜಗ್ಗಾಕಿ ನೀನ."

ಮುಂದೆ ಒಂದು ದಿನವೂ ತಪ್ಪಿಸಲಿಲ್ಲ. ತಂತಿ ಬಿಚ್ಚಿದ ದಿನ ನಗು ಬಂದು, ರೂಢಿಯಂತೆ ಕೈ ಬಾಯಿಗೆ ಹೋಯಿತು. ಅವರು ಮಣಿಕಟ್ಟು ಹಿಡಿದು ಕೆಳಗಿಳಿಸಿದರು. "ಈ ಕೈಗೆ ಇನ್ನ ಬ್ಯಾರೆ ಕೆಲಸ ಕೊಡವಾ." ಅದೇ ಅವರನ್ನು ನಾನು ಕೊನೆಯ ಸಲ ಕಂಡದ್ದು.

ಕೆಲ ವರ್ಷಗಳ ಮೇಲೆ ಸುದ್ದಿ ಹೇಳಲೆಂದು ಓಡಿ ಹೋದರೆ ದವಾಖಾನೆಗೆ ಬೀಗ. ಪಕ್ಕದ ದರ್ಜಿ ಹೇಳಿದ: "ಅವರ ತಾಯಿ ಲಕ್ವಾ ಹೊಡದ ಹಾಸಿಗಿ ಹಿಡದಾರ ತಂಗಿ, ನೋಡ್ಕೊಳ್ಳಾಕ ಬಾಯಾರು ಮೀರಜಿಗೆ ಹೋಗ್ಯಾರ. ಏನರ ಹೇಳೂದಿತ್ತೇನ?"

"ಬಬಲೇಶ್ವರದ ಸಾಲ್ಯಾಗ ನನಗ ಹುಡುಗರಿಗೆ ಕಲಸೂ ನೌಕರಿ ಸಿಕ್ಕೈತ್ರಿ. ಬಂದ್ರ ಇಷ್ಟ ಹೇಳ್ರಿ."

ಅವನು ಮಷಿನು ನಿಲ್ಲಿಸಿ, ಮರೆಯಬಾರದೆಂದು ನನ್ನ ಹೆಸರನ್ನೂ ಊರನ್ನೂ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದುಕೊಂಡ. ಮರುವರ್ಷ ಹೋದಾಗ ದವಾಖಾನೆಯ ಕೋಣೆಯಲ್ಲಿ ಬೇರೆಯವರಿದ್ದರು. ದರ್ಜಿ ಮಾತ್ರ ಆ ಗೋಡೆಯನ್ನು ಇನ್ನೂ ಒರೆಸಿರಲಿಲ್ಲ.