ಟವೆಲ್ ಹಾಕಿದ ಸೀಟು

ಮನೆ ಬಸವಕಲ್ಯಾಣದಲ್ಲಿ, ಸಮಾಜಶಾಸ್ತ್ರ ಕಲಿಸುವ ಕೆಲಸ ಹುಮನಾಬಾದಿನ ಕಾಲೇಜಿನಲ್ಲಿ. ಹಾಗಾಗಿ ನನ್ನ ಬೆಳಗುಗಳೆಲ್ಲ ಬಸ್ಸಿನಲ್ಲೇ ಕಳೆಯುತ್ತವೆ. ನಮ್ಮಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದವರಿಗೆ ಆ ಸೀಟು ಸೇರುತ್ತದೆ. ಎಲ್ಲಿಯೂ ಬರೆದಿಲ್ಲ, ಆದರೆ ಎಲ್ಲರೂ ಒಪ್ಪಿಕೊಂಡಿದ್ದಾರೆ.

ಒಂದು ದಿನ ಮುಡಬಿ ಕಡೆಯ ಹೆಣ್ಣುಮಗಳೊಬ್ಬಳು ಕೂಸು ಎತ್ತಿಕೊಂಡು ಹತ್ತಿದಳು. ನನ್ನ ಮುಂದಿನ ಸೀಟಿನ ಮೇಲಿದ್ದ ಟವೆಲನ್ನು ಮಡಚಿ ಪಕ್ಕಕ್ಕಿಟ್ಟು ಕುಳಿತುಬಿಟ್ಟಳು. ಹಿಂದೆಯೇ ಟವೆಲಿನ ಯಜಮಾನರು ಬಂದರು. ಹುಮನಾಬಾದಿನ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುವ ವೃದ್ಧರು. ದಿನವೂ ನಮ್ಮ ಬಸ್ಸಿಗೇ ಬರುವವರು, ಎಲ್ಲರಿಗೂ ಚಾಚಾ.

"ಏನವ್ವಾ, ಟವೆಲ್ ಕಾಣ್ಲಿಲ್ಲೇನು? ಆ ಜಾಗಾ ನಂದದ."

"ಕಂಡದರಿ ಚಾಚಾ. ಟವೆಲ್‌ಗೇನ್ ಕಾಲ್ ನೋಯ್ತಾವೇನ್ರಿ? ನನ್ನ ಕೈಯಾಗ ಕೂಸದ."

ಬಸ್ಸು ಎರಡು ಪಕ್ಷವಾಯಿತು. "ಕೂಸಿನ ತಾಯಿ, ಕುಂದರ್ಲಿ ಬಿಡ್ರಿ" ಎಂದು ಮುಂದಿನವರು. "ಹಿಂಗಾದ್ರ ನಾಳಿ ಟವೆಲ್‌ಗೆ ಯಾರ್ ಕಿಮ್ಮತ್ ಕೊಡ್ತಾರ್ರಿ?" ಎಂದು ಹಿಂದಿನವರು. ನಾನು ಎದ್ದು, ನನ್ನ ಸೀಟಿನಲ್ಲಿ ಕುಳಿತುಕೊಳ್ಳಿರೆಂದು ಚಾಚಾನನ್ನು ಕರೆದೆ.

"ಬ್ಯಾಡ್ರಿ ಮೇಡಂ. ನಿಮ್ಮ ಜಾಗಾ ನಿಮ್ದು. ನಾ ಕೇಳಾಕತ್ತಿದ್ದು ನಂದು."

ಮೊಣಕಾಲು ನೋವಿದ್ದರೂ ಅವರು ಕಂಬ ಹಿಡಿದು ನಿಂತೇ ಇದ್ದರು. ಬಸ್ಸು ಊರು ದಾಟಿತು. ಬಸ್ಸು ಕುಲುಕಿದಾಗಲೆಲ್ಲ ಅವರು ಹಲ್ಲು ಕಚ್ಚುವುದನ್ನು ಆ ಹೆಣ್ಣುಮಗಳು ನೋಡುತ್ತಿದ್ದಳು. ಕೊನೆಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಏಳಹೊರಟಳು.

"ಜಾಗಾ ನಿಮ್ದೇ ಅದರಿ ಚಾಚಾ. ನಂದು ತಪ್ಪಾತು. ಕುಂದರ್ರಿ."

ಬಿಗಿದಿದ್ದ ಚಾಚಾನ ಮುಖ ಒಮ್ಮೆಲೇ ಸಡಿಲಾಯಿತು. "ನಂದೇ ಅಂದಿ ಅಲ್ಲಾ, ಸಾಕು. ನೀನೇ ಕುಂದರು ಬೇಟಿ. ಈಗ ನಾ ಕೊಡಾಕತ್ತೀನಿ, ನೀ ಕಸ್ಗೊಂಡಿದ್ದಲ್ಲ."

ಪಕ್ಕದವರು ನಗುತ್ತ ಸರಿದು ಚಾಚಾನಿಗೂ ಅಂಚಿನಲ್ಲಿ ಜಾಗ ಮಾಡಿದರು. ರಾಜೇಶ್ವರ ಬರುವಷ್ಟರಲ್ಲಿ ಕೂಸು ಚಾಚಾನ ತೊಡೆಯ ಮೇಲಿತ್ತು, ಕನ್ನಡಕಕ್ಕೆ ಕೈ ಹಾಕುತ್ತಿತ್ತು. ಅವರು ಅದಕ್ಕೆ ಉರ್ದುವಿನಲ್ಲಿ ಬೈಯುತ್ತಲೇ ಮುದ್ದು ಮಾಡುತ್ತಿದ್ದರು. ಅಷ್ಟು ಹಟ ಹಿಡಿದಿದ್ದ ಮನುಷ್ಯನ ಮೇಲೆ ನನಗೆ ಅಷ್ಟೇ ಅಕ್ಕರೆ ಉಕ್ಕಿತು.

ಅಂದಿನ ಪಾಠ ನೈತಿಕತೆಯ ಕುರಿತೇ ಇತ್ತು. ಸರಿ ತಪ್ಪು ಒಬ್ಬೊಬ್ಬರ ಮನಸ್ಸಿನಲ್ಲಷ್ಟೇ ಇರುವುದಿಲ್ಲ, ಜನ ಕೂಡಿ ಬಾಳುವಾಗ ಅವರ ನಡುವೆ ಹುಟ್ಟುತ್ತದೆ ಎಂದು ವಿವರಿಸಬೇಕಿತ್ತು. ಪುಸ್ತಕ ಮುಚ್ಚಿ ಬಸ್ಸಿನ ಕಥೆ ಹೇಳಿದೆ.

"ಆಕಿ ಮೊದಲೇ ಕೇಳಿದ್ರ ಝಗಡಾನೇ ಇರ್ತಿದ್ದಿಲ್ರಿ" ಎಂದಳು ಮುಂದಿನ ಬೆಂಚಿನ ಹುಡುಗಿ.

"ಕೂಸು ಹೊತ್ತಾಕಿ ಯಾಕ ಕೇಳ್ಬೇಕು? ಅವ್ರಿಗೆ ಕಾಣಂಗಿಲ್ಲೇನು?" ಎಂದು ಇನ್ನೊಬ್ಬಳು ಎದ್ದು ನಿಂತಳು.

ಇಡೀ ತರಗತಿ ಮಾತಿಗಿಳಿಯಿತು. ನಾನು ಮೇಜಿಗೆ ಒರಗಿ ಕೇಳುತ್ತ ನಿಂತೆ. ಗಂಟೆ ಹೊಡೆದರೂ ಅವರು ಏಳಲಿಲ್ಲ, ನಾನೂ ಏಳಿಸಲಿಲ್ಲ.