ಎಪ್ಪತ್ತೆರಡನೇ ನಂಬರಿಗೆ ಚಪ್ಪಾಳೆ

ನನ್ನ ಮಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದಷ್ಟು ದಿನವೂ ಒಮ್ಮೆಯಾದರೂ ಚೆಂಡು ಮುಟ್ಟಿದ್ದನ್ನು ನಾನು ಕಂಡಿಲ್ಲ. ನಾವಿರುವ ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದ ಗೆಳತಿಯರಿಗೆ ಹೀಗೆಂದರೆ, "ಮತ್ತೆ ಅವನು ಮಾಡೋದಾದ್ರೂ ಏನು?" ಎಂದು ಕೇಳುತ್ತಾರೆ. ಅಡ್ಡ ನಿಲ್ಲುತ್ತಾನೆ, ಅಷ್ಟೇ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಎಸೆದು ಆಟ ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಆತ ಬಲಕ್ಕೆ ತಿರುಗಿ ಯಾರಿಗೆ ಎಸೆಯಲಿ ಎಂದು ಹುಡುಕುತ್ತಿರುವಾಗ, ಕಣ್ಣಿಗೆ ಬೀಳದ ಎಡಗಡೆಯಿಂದ ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಾರೆ. ಅವರಿಗೂ ಆತನಿಗೂ ನಡುವೆ ನಿಲ್ಲುವವನು ನನ್ನ ಮಗ, ಎಪ್ಪತ್ತೆರಡನೇ ನಂಬರು.

ಅವನು ಇಂಥ ಜಾಗವನ್ನೇ ಆರಿಸಿಕೊಂಡದ್ದು ನನಗೆ ಹಿಡಿಸಿರಲಿಲ್ಲ, ಏಕೆಂದರೆ ನನ್ನ ಕೆಲಸವೂ ಅದೇ ಜಾತಿಯದು. ನಾನು ಅರಿವಳಿಕೆ ವೈದ್ಯೆ. ಆಪರೇಷನ್ ಮುಗಿಯುವವರೆಗೆ ರೋಗಿಯ ಉಸಿರು ನನ್ನ ಕೈಯಲ್ಲಿರುತ್ತದೆ. ಎದ್ದ ಮೇಲೆ ಆತ ಕೈ ಮುಗಿಯುವುದು ಸರ್ಜನ್‌ಗೆ. ಕ್ರಿಸ್‌ಮಸ್ ಬಂದರೆ ಚಾಕೊಲೇಟ್ ಡಬ್ಬಿಗಳೆಲ್ಲ ಸರ್ಜನ್‌ಗಳ ಮೇಜಿಗೆ ಹೋಗುತ್ತವೆ. ಯಾರಾದರೂ ನನ್ನ ಹೆಸರು ಎತ್ತಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ನನ್ನ ಪಾಡು ಮಗನಿಗೆ ಬೇಡ ಎಂದುಕೊಂಡಿದ್ದೆ. ಅವನು ನನ್ನ ಎತ್ತರ ತೆಗೆದುಕೊಳ್ಳಲಿಲ್ಲ, ಅಪ್ಪನ ಲೆಕ್ಕದ ತಲೆ ತೆಗೆದುಕೊಳ್ಳಲಿಲ್ಲ, ಇದೊಂದನ್ನು ಮಾತ್ರ ತೆಗೆದುಕೊಂಡ.

ಕಾಲೇಜು ಷಿಕಾಗೋ ಹತ್ತಿರ. ಮೊದಲ ಮೂರು ವರ್ಷ ಅವನು ಬೆಂಚು ಬಿಸಿ ಮಾಡಿದ್ದೇ ಹೆಚ್ಚು, ಹಾಗಾಗಿ ನಾವು ಹೋಗುತ್ತಿರಲಿಲ್ಲ. ಆ ಮೂರು ವರ್ಷವೂ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಆಟದ ಅರ್ಧ ಹೊತ್ತು ನೆಲದ ಮೇಲೇ ಬಿದ್ದಿರುತ್ತಿದ್ದ. ಅವನ ಮುಂದಿನ ಐದು ಜನರ ತಡೆಗೋಡೆ ಹರಿದ ಬೇಲಿಯಂತಿತ್ತು. ಎಸೆಯಲು ಪುರಸೊತ್ತಿಲ್ಲದೆ ಗಾಬರಿಯಿಂದ ಎಲ್ಲೆಲ್ಲಿಗೋ ಎಸೆಯುತ್ತಿದ್ದ; ಅವನ ಕಾಲೇಜಿನವರೇ ಅವನನ್ನು ಹೋಗು ಮಾರಾಯ ಎಂದು ಕೂಗುತ್ತಿದ್ದರಂತೆ. ಕೊನೆಯ ವರ್ಷ ಹೊಸ ಕೋಚ್ ಬಂದು ಆ ಐವರನ್ನೂ ಬದಲಿಸಿದರು, ನನ್ನ ಮಗನನ್ನು ಎಡತುದಿಗೆ ನಿಲ್ಲಿಸಿದರು. ಅಲ್ಲಿಂದ ಆ ಕ್ವಾರ್ಟರ್‌ಬ್ಯಾಕ್ ಹುಡುಗ ಬೀಳುವುದೇ ನಿಂತಿತು. ಸಾವಕಾಶವಾಗಿ ನಿಂತು, ಹುಡುಕಿ, ಆರಾಮಾಗಿ ಎಸೆಯತೊಡಗಿದ. ಪತ್ರಿಕೆಯವರು ಬರೆದದ್ದೇನು? ಆತ ಮಾಗಿದ್ದಾನಂತೆ. ಅವನಿಗೆ ತಾಳ್ಮೆ ಬಂದಿದೆಯಂತೆ. ನನಗೆ ಮೈಯೆಲ್ಲ ಉರಿಯಿತು. ಯಾರೂ ಮೈಮೇಲೆ ಬೀಳದಿದ್ದರೆ ಯಾರಿಗೆ ತಾಳ್ಮೆ ಬರುವುದಿಲ್ಲ?

ಆ ವರ್ಷದ ಮೊದಲ ಪಂದ್ಯಕ್ಕೆ ನಾನೂ ಯಜಮಾನರೂ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಆಟಗಾರರ ಮನೆಯವರಿಗೆಂದೇ ಇಟ್ಟಿದ್ದ ಜಾಗದಲ್ಲಿ ಕೂತೆವು. ನಮಗೆ ತಿಳಿದಿದ್ದ ಆಟ ಕ್ರಿಕೆಟ್ ಒಂದೇ. ಸ್ವಲ್ಪ ಹೊತ್ತಿಗೆ ರೆಫರಿ ಶಿಳ್ಳೆ ಊದಿ, ನಡು ಮೈದಾನಕ್ಕೆ ಬಂದು, ಇಡೀ ಸ್ಟೇಡಿಯಂಗೆ ಕೇಳುವಂತೆ ಮೈಕಿನಲ್ಲಿ "ನಂಬರ್ ಸೆವೆಂಟಿ ಟೂ" ಎಂದರು. ಧಾರವಾಡದಲ್ಲಿ ನಮ್ಮ ಶಾಲೆಯ ಮೈಕಿನಲ್ಲಿ ನಂಬರು ಕೂಗಿದರೆ ಬಹುಮಾನ ತೆಗೆದುಕೊಳ್ಳಲು ವೇದಿಕೆಗೆ ಬಾ ಎಂದು ಅರ್ಥ. ಇಬ್ಬರೂ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆವು. ಯಜಮಾನರು ಶಿಳ್ಳೆಯನ್ನೂ ಹಾಕಿದರು.

ಸುತ್ತಲಿನವರು ನಮ್ಮನ್ನು ನೋಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸು ಹಿಂದೆ ತಿರುಗಿ, ಮೆಲ್ಲಗೆ, ಮಗುವಿಗೆ ಹೇಳಿದ ಹಾಗೆ ಹೇಳಿದಳು: ಅದು ತಪ್ಪಿನ ಘೋಷಣೆ, ನಿಮ್ಮ ಹುಡುಗ ಎದುರಾಳಿಯನ್ನು ಕೈಯಿಂದ ಹಿಡಿದುಬಿಟ್ಟ, ಹಾಗೆ ಹಿಡಿಯಬಾರದು, ತಂಡ ಹತ್ತು ಗಜ ಹಿಂದೆ ಹೋಗಬೇಕು. ಅವಳು ಕ್ವಾರ್ಟರ್‌ಬ್ಯಾಕ್‌ನ ತಾಯಿ. ಬೆನ್ನ ಮೇಲೆ ಮಗನ ನಂಬರಿನ ಜರ್ಸಿ. ನಾನು ಕೂತೆ.

ಆಮೇಲೆ ಮಗನನ್ನು ಕೇಳಿದೆ, ನಿನ್ನ ನಂಬರನ್ನು ಒಳ್ಳೆಯದಕ್ಕೆ ಯಾವಾಗ ಕೂಗುತ್ತಾರೆ ಎಂದು. "ನೆವರ್, ಅಮ್ಮ" ಎಂದು ನಕ್ಕ. ನನ್ನ ನಂಬರು ಕೇಳಿಸದಿದ್ದರೆ ಅವತ್ತು ಚೆನ್ನಾಗಿ ಆಡಿದೆ ಎಂದು ತಿಳಿ ಅಂತ ಇಂಗ್ಲಿಷಿನಲ್ಲಿ ವಿವರಿಸಿದ. ಗುರುವಾರ ಗುರುವಾರ ಕ್ವಾರ್ಟರ್‌ಬ್ಯಾಕ್ ತಾನೇ ತನ್ನ ಐದು ಜನ ತಡೆಗಾರರನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನಂತೆ, ಅದು ಅವರಲ್ಲಿ ಪದ್ಧತಿಯಂತೆ. ಅದನ್ನು ಹೇಳುವಾಗ ಮಗನ ಮುಖ ಎಷ್ಟು ಅರಳಿತ್ತು! ನಾನು ಐಸ್ ಪೆಟ್ಟಿಗೆಯಲ್ಲಿಟ್ಟು ತಂದ ಶೇಂಗಾ ಹೋಳಿಗೆಗೆ ಆ ಮುಖ ಅಷ್ಟು ಅರಳಿರಲಿಲ್ಲ. ಆ ಹುಡುಗ ನನ್ನ ಮಗನಿಗೆ ಸಲ್ಲಬೇಕಾದ ಹೆಸರನ್ನೂ ತೆಗೆದುಕೊಂಡ, ಮಗನನ್ನೂ ತೆಗೆದುಕೊಂಡ ಅನ್ನಿಸಿತು.

ಆಮೇಲೆ ಅಲ್ಲಿನ ಪಂದ್ಯ ಒಂದನ್ನೂ ತಪ್ಪಿಸಲಿಲ್ಲ. ಪಂದ್ಯ ಮುಗಿದ ಮೇಲೆ ನಾವು ಉಳಿಯುತ್ತಿದ್ದದ್ದು ಷಿಕಾಗೋ ಪಕ್ಕದ ಸ್ಕೋಕಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಅವಳು ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ಎಳೆ ಬದನೆಕಾಯಿ ತಂದು ಎಣ್ಣೆಗಾಯಿ ಮಾಡಿರುತ್ತಿದ್ದಳು. ನಾನು ಊಟದ ತಟ್ಟೆಯ ಮುಂದೆಯೂ ಆ ಕ್ವಾರ್ಟರ್‌ಬ್ಯಾಕ್‌ನ ತಾಯಿಯ ಸುದ್ದಿಯನ್ನೇ ತೆಗೆಯುತ್ತಿದ್ದೆ. ಜನ ಸಾಲುಗಟ್ಟಿ ಅವಳ ಕೈ ಕುಲುಕುತ್ತಾರೆ, ಇವಳು ಏನೋ ತಾನೇ ಎಸೆದ ಹಾಗೆ ಬೀಗುತ್ತಾಳೆ ಎಂದು.

"ನಿನಗ್ಯಾಕ ಇಷ್ಟ ಹೊಟ್ಟಿಕಿಚ್ಚು?" ಎಂದು ಅಕ್ಕ ಕೇಳಿದಳು. "ಅವಾ ನಿನ್ನ ಮಗನ ಗೆಳೆಯಾ ಅಲ್ಲೇನ?"

"ಗೆಳೆಯಾ ಅದಾನ. ಪೇಪರಿನ್ಯಾಗ ನಮ್ಮವನ ಹೆಸರು ಎಲ್ಲೆ ಐತಿ, ತೋರ್ಸು ನೋಡೋಣ."

"ಪೇಪರಿನ್ಯಾಗ ಬರಬೇಕಂತ ಅವಾ ಕೇಳ್ಯಾನೇನ? ನಿನಗ ಬೇಕಾಗೇತಿ."

ಅಕ್ಕ ಹೇಳಿದ್ದು ನಿಜ. ನಿಜವೆಂದು ಗೊತ್ತಿದ್ದರೂ ಹೊಟ್ಟೆಯುರಿ ಕಡಿಮೆಯಾಗಲಿಲ್ಲ. ವಾರ ವಾರವೂ ಆ ಹೆಂಗಸು ನನ್ನನ್ನು ಮಾತಾಡಿಸುತ್ತಿದ್ದಳು, ಬಿಸಿ ಕೋಕೋ ಹಂಚುತ್ತಿದ್ದಳು, ನಾನು ಡಾಕ್ಟರ್ ಎಂದು ತಿಳಿದುಕೊಂಡಳು. ನಾನು ಅವಳ ಕೋಕೋ ಕುಡಿಯುತ್ತಲೇ ಅವಳ ಮಗನ ಎಸೆತ ತಪ್ಪಲಿ ಎಂದು ಕಾಯುತ್ತಿದ್ದೆ.

ನವೆಂಬರಿನ ಕೊನೆಯ ಪಂದ್ಯ. ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಇಬ್ಬರು ಹುಡುಗರಿಗೂ ಅದೇ ಕೊನೆಯ ಆಟ. ಆ ಕ್ವಾರ್ಟರ್‌ಬ್ಯಾಕ್ ಅಂದು ಏನು ಎಸೆದರೂ ಗುರಿ ಮುಟ್ಟುತ್ತಿತ್ತು, ಇಡೀ ಸ್ಟೇಡಿಯಂ ಅವನ ಹೆಸರನ್ನು ಹಾಡಿನಂತೆ ಕೂಗುತ್ತಿತ್ತು. ಇನ್ನು ಕೆಲವೇ ಹೊತ್ತಿಗೆ ಎಲ್ಲ ಮುಗಿಯುತ್ತದೆ, ನನ್ನ ಮಗ ಇಲ್ಲಿದ್ದ ಎಂದೇ ಯಾರಿಗೂ ತಿಳಿಯುವುದಿಲ್ಲ ಎಂದು ಸಂಕಟವಾಯಿತು. ಆಗ ಮನಸ್ಸಿನಲ್ಲೇ ಅಂದೆ: ಒಮ್ಮೆ ಬಿಡಪಾ ಒಬ್ಬಾವನ್ನ. ನೀ ಇಲ್ಲದಿದ್ರ ಏನಾಕ್ಕೈತಿ ಅಂತ ಇವರಿಗೆಲ್ಲಾ ಗೊತ್ತಾಗ್ಲಿ.

ಹೀಗೆಂದು ಬಹಳ ಹೊತ್ತಾಗಿರಲಿಲ್ಲ. ಎದುರಾಳಿಯೊಬ್ಬ ನನ್ನ ಮಗನ ಹೊರಬದಿಯಿಂದ ನುಸುಳಿ ಹೋದ. ಮಗ ತಿರುಗುವಷ್ಟರಲ್ಲಿ ಆತ ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೆ ಗುದ್ದಿಯಾಗಿತ್ತು. ಹುಡುಗ ಮುಖ ಅಡಿಯಾಗಿ ಬಿದ್ದ, ಏಳಲಿಲ್ಲ. ನನ್ನ ಹಿಂದಿನಿಂದ ಯಾರೋ ಎಪ್ಪತ್ತೆರಡು ಏನು ಮಾಡುತ್ತಿದ್ದ ಎಂದು ಅರಚಿದರು, ಇನ್ನೊಬ್ಬರು ಬೈದರು. ನಾನು ಬಯಸಿದ್ದ ಹಾಗೆಯೇ ಎಲ್ಲರ ಬಾಯಲ್ಲೂ ನನ್ನ ಮಗನ ನಂಬರು ಬಂದಿತ್ತು. ಅವನು ಗೆಳೆಯನ ಪಕ್ಕ ಮಂಡಿಯೂರಿ ಕೂತಿದ್ದ.

ಮುಂದಿನ ಸಾಲಿನ ತಾಯಿ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ನೀವು ಡಾಕ್ಟರ್. ಅವನು ಉಸಿರಾಡುತ್ತಿದ್ದಾನೆಯೇ?" ಎಂದು ಕೇಳಿದಳು.

ಅದು ನಾನು ದಿನವೂ ನನಗೇ ಕೇಳಿಕೊಳ್ಳುವ ಪ್ರಶ್ನೆ. ಅಷ್ಟು ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದೆ. ಮೊದಲ ಪಂದ್ಯದಿಂದಲೂ ಅವಳ ಮಗನನ್ನು ಕೆಟ್ಟ ಕಣ್ಣಿನಿಂದಲೇ ನೋಡಿದವಳು, ಈಗ ಅವನ ಬೆನ್ನು ಏಳಲಿ ಎಂದು ನೋಡುತ್ತಿದ್ದೆ. ಕಾಲು ಮಡಚಿದ. ಬೆನ್ನು ಒಮ್ಮೆ ಎದ್ದಿತು, ಇಳಿಯಿತು. "ಒಂದು ಕ್ಷಣ ಉಸಿರು ಕಟ್ಟಿತ್ತು ಅಷ್ಟೆ. ಬಂತು, ಬಂತು. ಉಸಿರಾಡುತ್ತಿದ್ದಾನೆ" ಎಂದೆ. ನಾನೂ ಅವಳ ಕೈಯನ್ನು ಬಿಟ್ಟಿರಲಿಲ್ಲ. ಅವಳು ಅದನ್ನು ಕನಿಕರ ಎಂದುಕೊಂಡಿರಬೇಕು.

ಹುಡುಗ ಎದ್ದ, ಸ್ವಲ್ಪ ಹೊತ್ತು ಹೊರಗೆ ಕೂತು ಮತ್ತೆ ಬಂದ. ಮೈದಾನಕ್ಕೆ ಇಳಿಯುತ್ತಲೇ ನನ್ನ ಮಗನ ಹೆಲ್ಮೆಟ್ಟಿಗೆ ಮೆಲ್ಲಗೆ ತಟ್ಟಿದ. ಅವನು ಮತ್ತೆ ಎಸೆಯಲು ನಿಂತಾಗ ಅದೇ ಎದುರಾಳಿ ಅದೇ ದಾರಿಯಲ್ಲಿ ನುಗ್ಗಿದ. ಈ ಸಲ ನನ್ನ ಮಗ ನಿಯಮ ಗಿಯಮ ನೋಡಲಿಲ್ಲ. ಎರಡೂ ಕೈಯಿಂದ ಆತನ ಜರ್ಸಿ ಹಿಡಿದು, ತಬ್ಬಿಕೊಂಡು, ಬಿಡದೆ ನಿಂತ. ಕ್ವಾರ್ಟರ್‌ಬ್ಯಾಕ್ ಸುರಕ್ಷಿತವಾಗಿ ಎಸೆದ. ಶಿಳ್ಳೆ ಕೇಳಿಸಿತು. ರೆಫರಿ ನಡು ಮೈದಾನಕ್ಕೆ ಬಂದು ಮೈಕಿನಲ್ಲಿ ಕೂಗಿದರು: "ಹೋಲ್ಡಿಂಗ್. ನಂಬರ್ ಸೆವೆಂಟಿ ಟೂ."

ಸ್ಟೇಡಿಯಂ ಪೂರ್ತಿ ಛೀ ಎಂದಿತು. ಮುಂದಿನ ಸಾಲಿನಲ್ಲಿ ಅವಳೊಬ್ಬಳೇ ಎದ್ದು ನಿಂತಳು. ದಪ್ಪ ಕೈಗವಸು ಕಳಚಿ ಮಡಿಲಿಗೆ ಹಾಕಿಕೊಂಡಿದ್ದಳು, ಅದು ಕೆಳಗೆ ಬಿತ್ತು. ಮಗ ಆರು ವರ್ಷದವನಿದ್ದಾಗಿನಿಂದ ಈ ಆಟ ನೋಡಿಕೊಂಡು ಬಂದವಳು, ಆ ಘೋಷಣೆಯ ಅರ್ಥ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು. ಯಜಮಾನರು ನನ್ನನ್ನು ನೋಡಿ, ಅವರೂ ಎದ್ದು ತಟ್ಟಿದರು.

ನನಗೆ ಏಳಲಾಗಲಿಲ್ಲ. ನನ್ನ ಮಗನಿಗೆ ಕೊನೆಗೂ ಸಿಕ್ಕಿದ ಒಂದೇ ಚಪ್ಪಾಳೆ, ಅದನ್ನು ತಟ್ಟುವ ಯೋಗ್ಯತೆ ಆ ಹೊತ್ತಿಗೆ ನನಗಿರಲಿಲ್ಲ, ಅವಳಿಗಿತ್ತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.