ಆರನೆಯ ಪಟ್ಟಾ

ಮೊನ್ನೆ ಮಳೆಯ ಮೋಡ ಕಂಡು, ಅಂಗಳದಲ್ಲಿ ಒಣಹಾಕಿದ್ದ ಶೇಂಗಾದ ಮೇಲೆ ಗಡಿಬಿಡಿಯಿಂದ ತಾಡಪಾಲು ಎಳೆದೆವು. ಗಾಳಿಗೆ ಅದು ಹಾರದಂತೆ ಭಾರ ಇಡಲು ಅತ್ತಿಗೆ ಕೊಟ್ಟಿಗೆಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ತಂದಳು. ಎರಡು ಚಿರೆಕಲ್ಲು, ಒಂದು ಮುರಿದ ಬೀಸುಕಲ್ಲು, ಕೊನೆಗೊಂದು ಗೋಣಿಚೀಲ. ಚೀಲದ ಬಾಯಿ ಬಿಚ್ಚಿದ್ದೇ ತಡ, ಹಳೇ ರಬ್ಬರು ಮತ್ತು ಉಪ್ಪುನೀರು ಸೇರಿದ ವಾಸನೆ ಮೂಗಿಗೆ ಬಡಿಯಿತು.

"ಎಂತದೇ ಇದು? ಎಮ್ಮೆ ಕೊರಳಿಗೆ ಕಟ್ಟೂ ಪಟ್ಟಾ ಇದ್ದಂಗೆ ಅದೆ" ಎಂದು ಅತ್ತಿಗೆ ನಕ್ಕಳು.

"ಅದನ್ನ ಮುಟ್ಟಬೇಡ, ಅಲ್ಲೇ ಇಡು!" ಎಂದು ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಪಾಪ, ಅವಳು ಹೆದರಿ ಚೀಲವನ್ನು ಕಾಲ ಮೇಲೆ ಬೀಳಿಸಿಕೊಂಡಳು. ಕಪ್ಪು ಪಟ್ಟಾ, ಅದಕ್ಕೆ ಪೋಣಿಸಿದ ನಾಲ್ಕು ಸೀಸದ ತುಂಡುಗಳು. ಐದು ವರ್ಷದಿಂದ ನಾನು ಅದನ್ನು ಬಿಚ್ಚಿ ನೋಡಿರಲಿಲ್ಲ...

ಆಗ ನಾನು ಅಂಕೋಲೆಯಿಂದ ದಿನಾ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋಗುತ್ತಿದ್ದೆ. ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ, ಸಮುದ್ರದ ತಳ ತೋರಿಸಿ ತರುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಗದ್ದೆಯ ಕೆಸರು ಬಿಟ್ಟರೆ ಬೇರೆ ನೀರಿಗೆ ಇಳಿಯದ ಮನೆಯವಳು ನಾನು. ನನ್ನ ಕೆಲಸವೂ ನೀರಿನ ಮೇಲೇ. ಶೆಡ್ಡಿನಿಂದ ಸಾಮಾನು ತೆಗೆದು ದೋಣಿಗೆ ತುಂಬುವುದು, ಮುಳುಗಿದವರ ಉಸಿರಿನ ಗುಳ್ಳೆಗಳು ಎಲ್ಲಿ ಏಳುತ್ತವೆ ಎಂದು ಕಾಯುತ್ತ ಕೂರುವುದು, ವಾಪಸ್ ಬಂದ ಮೇಲೆ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು ಒಣಹಾಕುವುದು.

ಆ ಕೆಲಸ ಕಲಿಸಿದವರು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಗೈಡು. ಕಾರವಾರದ ಪಕ್ಕದ ಚಿತ್ತಾಕುಲದ ಮೀನುಗಾರರ ಮನೆಯವರು. ಪ್ರಾಯದಲ್ಲಿ ಬಂಡೆಗೆ ಅಂಟಿದ ಚಿಪ್ಪು ಕೀಳುತ್ತಿದ್ದರಂತೆ. ಸಿಲಿಂಡರ್ ಇಲ್ಲ, ಕನ್ನಡಕ ಇಲ್ಲ. ತೋಳಲ್ಲೊಂದು ಭಾರದ ಕಲ್ಲು ಅವಚಿಕೊಂಡು, ಎದೆ ತುಂಬ ಉಸಿರು ತುಂಬಿ ಧುಮುಕುವುದು. ಕಲ್ಲು ಕೆಳಗೆ ಒಯ್ಯುತ್ತದೆ. ಚಿಪ್ಪು ಕಿತ್ತಾದ ಮೇಲೆ ಕಲ್ಲು ಬಿಟ್ಟು, ಉಸಿರನ್ನು ಹಾಗೇ ಬಿಗಿಹಿಡಿದು ಮೇಲೆ ಬರುವುದು. ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ. ಇಲ್ಲಿಯ ಬಂಡೆಗಳ ಸಂದುಗೊಂದು ಬಲ್ಲವರು ಬೇಕೆಂದು ಮಾಲಕರು ಅವರನ್ನು ಕರೆತಂದು, ಐವತ್ತು ದಾಟಿದ ಮೇಲೆ ಸಿಲಿಂಡರ್ ಕಟ್ಟುವುದನ್ನು ಕಲಿಸಿದ್ದರು.

ಸಾಮಾನು ತುಂಬಲು ಕಾಕಾನದೇ ಒಂದು ಕ್ರಮವಿತ್ತು. ಚೀಟಿ, ಪೆನ್ನು ಅವರಿಗೆ ಆಗಿಬರುತ್ತಿರಲಿಲ್ಲ. ಮೂಗು, ಬಾಯಿ, ಬೆನ್ನು, ಸೊಂಟ, ಕಾಲು. ಮೂಗಿಗೆ ಮಾಸ್ಕ್, ಬಾಯಿಗೆ ಗಾಳಿಯ ನಳಿಗೆ, ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ಪಟ್ಟಾ, ಕಾಲಿಗೆ ಬಾತುಕೋಳಿಯ ಪಾದದಂಥ ಫಿನ್ಸ್. ತನ್ನ ಮೈ ಮುಟ್ಟಿಕೊಳ್ಳಬೇಕು, ಆಮೇಲೆ ಆ ಸಾಮಾನನ್ನು ಒಂದೊಂದಾಗಿ ಮುಟ್ಟಬೇಕು. ನಾನು ದೂರದಿಂದಲೇ ಎಣಿಸಿದರೆ ಗದರುತ್ತಿದ್ದರು. ಅವರ ಕಡೆ ಹೆಣ್ಣುಮಕ್ಕಳನ್ನು ಕರೆಯುವುದೇ 'ಬಾಯಿ' ಎಂದು.

"ನೋಡಬ್ಯಾಡ ಬಾಯಿ, ಮುಟ್ಟು. ಸೊಂಟ ಮರ್ತರೆ ಅವ್ನು ಕೆಳ್ಗೆ ಇಳಿಯೂದೇ ಇಲ್ಲ, ತೆಂಗಿನಕಾಯಂಗೆ ತೇಲ್ತಾ ಇರ್ತಾನೆ."

ಬರುವ ಪ್ರವಾಸಿಗರ ಅವತಾರ ಹೇಳಿ ಪ್ರಯೋಜನವಿಲ್ಲ. ಫಿನ್ಸ್ ಹಾಕಿಕೊಂಡು ದೋಣಿಯಲ್ಲಿ ಮುಂದಕ್ಕೆ ನಡೆಯಹೋಗಿ ಮುಗ್ಗರಿಸುವವರು, ಮುಖಕ್ಕೆ ಗಂಧದ ಹಾಗೆ ಕ್ರೀಮು ಮೆತ್ತಿಕೊಂಡು ಮಾಸ್ಕ್ ಜಾರಿಸಿಕೊಳ್ಳುವವರು, ಹೊಟ್ಟೆ ಬಿರಿಯೆ ಸಿಗಡಿ ತಿಂದು ಬಂದು ದೋಣಿಯಲ್ಲೇ ಕಾರಿಕೊಳ್ಳುವವರು... ಕಾಕಾ ಎಲ್ಲಕ್ಕೂ ನಗುತ್ತಿದ್ದರು. ಒಂದು ವಿಷಯಕ್ಕೆ ಮಾತ್ರ ನಗುತ್ತಿರಲಿಲ್ಲ. ಮೇಲೆ ಬರುವಾಗ ಉಸಿರು ಹಿಡಿಯಬಾರದು. ಸಿಲಿಂಡರಿನ ಗಾಳಿ ಆಳದಲ್ಲಿ ಒತ್ತಿ ತುಂಬಿದ ಗಾಳಿ, ಮೇಲೆ ಬಂದಂತೆ ಎದೆಯೊಳಗೆ ಹಿಗ್ಗುತ್ತದೆ, ಬಿಡದಿದ್ದರೆ ಶ್ವಾಸಕೋಶ ಹರಿಯುತ್ತದೆ. ಪ್ರತಿಯೊಬ್ಬರ ಗಲ್ಲ ಹಿಡಿದು ಮೂರು ಮೂರು ಸಲ ಹೇಳುತ್ತಿದ್ದರು. "ಉಸ್ರು ಬಿಡ್ತಾ ಬರೂದು. ಗುಳ್ಳೆ ನಿಲ್ಲೂಕಿಲ್ಲ."

ಆ ದಿನ ಬೆಳಿಗ್ಗೆ ನಾನು ಮುಟ್ಟಲಿಲ್ಲ, ನೋಡಿದೆ. ಬಸ್ಸು ತಡವಾಗಿತ್ತು, ಪ್ರವಾಸಿಗರು ಆಗಲೇ ಬಂದು ನಿಂತಿದ್ದರು. ನಾಲ್ಕು ಸೀಸನ್ ಮುಗಿಸಿದ್ದೇನೆ, ಇನ್ನೇನು ಮುಟ್ಟುವುದು ಎಂಬ ಸೊಕ್ಕೂ ಇತ್ತು. ನಾಲ್ವರು ಪ್ರವಾಸಿಗರು, ಕಾಕಾ, ಇನ್ನೊಬ್ಬ ಗೈಡು, ನೀರಿಗಿಳಿಯುವವರು ಒಟ್ಟು ಆರು ಜನ. ಕ್ರೇಟಿನಲ್ಲಿ ಪಟ್ಟಾಗಳು ಸುರುಳಿ ಸುತ್ತಿ ಬಿದ್ದಿದ್ದವು. ಆರು ಇವೆ ಅಂದುಕೊಂಡೆ. ಇದ್ದದ್ದು ಐದು.

ಬಂಡೆಯ ಹತ್ತಿರ ಲಂಗರು ಹಾಕಿ ಎಲ್ಲರಿಗೂ ಕಟ್ಟುತ್ತ ಬಂದಾಗ ಕೊನೆಯವನಿಗೆ ಪಟ್ಟಾ ಇರಲಿಲ್ಲ. ಕಾಕಾ ತಮ್ಮ ಸೊಂಟದ್ದನ್ನು ಬಿಚ್ಚಿ ಅವನಿಗೆ ಕಟ್ಟಿಬಿಟ್ಟರು. ನಾನು ಖಾಲಿ ಕ್ರೇಟನ್ನು ಮತ್ತೆ ಮತ್ತೆ ತಡವಿದೆ. ಹಿಂದೆ ಇಂಜಿನ್ ಹತ್ತಿರ ಕೂತಿದ್ದ ದೋಣಿಯವನಿಗೂ ಕೇಳುವಷ್ಟು ಜೋರಾಗಿ ಕಾಕಾ ಹೇಳಿದರು:

"ನಂಗೆ ಈ ಪಟ್ಟಾ ಗಿಟ್ಟಾ ಬ್ಯಾಡ. ನಂದು ಹಳೇ ಕಲ್ಲೇ ಸಾಕು!"

ಆಮೇಲೆ ಬಲೆಗೆ ಕಟ್ಟಲೆಂದು ದೋಣಿಯಲ್ಲಿಟ್ಟಿದ್ದ ಕಲ್ಲೊಂದನ್ನು ಎತ್ತಿಕೊಳ್ಳುತ್ತ, ನನಗೆ ಮಾತ್ರ ಕೇಳುವಂತೆ, "ಮೋರೆ ಸರಿ ಮಾಡ್ಕೋ. ಯಾರಿಗೂ ಗೊತ್ತಾಗೂದಿಲ್ಲ" ಅಂದರು.

ಕೆಲಸ ಹೋಗುತ್ತದೆಂಬ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ಬೇಡ ಕಾಕಾ, ವಾಪಸ್ ಹೋಗೋಣ ಅನ್ನಬಹುದಿತ್ತು. ಅನ್ನಲಿಲ್ಲ.

ಉಳಿದವರು ಇನ್ನೊಬ್ಬ ಗೈಡಿನ ಜೊತೆ ಸ್ವಲ್ಪ ದೂರದಲ್ಲಿ ಇಳಿದಿದ್ದರು. ದೋಣಿಯ ಪಕ್ಕದಲ್ಲಿ ಎರಡು ಸಾಲು ಗುಳ್ಳೆ ಏಳುತ್ತಿದ್ದವು, ಒಂದು ಕಾಕಾನದು, ಒಂದು ಆ ಕೊನೆಯವನದು. ಕೆಳಗೆ ನಡೆದದ್ದನ್ನು ಆಮೇಲೆ ಆತನೇ ಹೇಳಿದ. ಬಾಯಿಯ ನಳಿಗೆ ಕಳಚಿ ಅವನು ಗಾಬರಿಯಿಂದ ಒದ್ದಾಡಿದನಂತೆ. ಅವನನ್ನು ಹಿಡಿದು ನಳಿಗೆಯನ್ನು ಬಾಯಿಗಿಡಲು ಎರಡೂ ಕೈ ಬೇಕಿತ್ತು. ಕಾಕಾ ಕಲ್ಲು ಬಿಟ್ಟರು. ಅವನನ್ನು ಸರಿಮಾಡಿ ಬಂಡೆಗೆ ಆನಿಸುವಷ್ಟರಲ್ಲಿ ಭಾರವಿಲ್ಲದ ಮೈ ಮೇಲಕ್ಕೆ ಹಾರತೊಡಗಿತು.

ನಾನು ಕಂಡದ್ದು ಇಷ್ಟು: ಎರಡು ಸಾಲು ಗುಳ್ಳೆಗಳಲ್ಲಿ ಒಂದು ಫಕ್ಕನೆ ನಿಂತಿತು.

ಊರಿಗೆಲ್ಲ ಉಸಿರು ಬಿಡಲು ಕಲಿಸಿದವರು ಅವರು. ಆದರೆ ಕೈಯಿಂದ ಕಲ್ಲು ಜಾರಿದಾಗ ಉಸಿರು ಬಿಗಿಹಿಡಿಯಬೇಕು ಎಂದು ಅವರ ಮೈ ಮೂವತ್ತು ವರ್ಷ ಕಲಿತಿತ್ತು. ಮೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು.

ಎದೆಯವರೆಗೂ ನೀರಿನ ಮೇಲೆ ಚಿಮ್ಮಿ ಬಂದರು. ದೋಣಿಗೆ ಎಳೆದುಕೊಂಡಾಗ ತುಟಿಯ ಕೊನೆಯಲ್ಲಿ ರಕ್ತವಿತ್ತು. ಎಚ್ಚರವಿತ್ತು. ದಡಕ್ಕೆ ಓಡಿ ಬಂದ ಮಾಲಕರಿಗೆ ಅವರು ಹೇಳಿದ್ದು ಒಂದೇ ಮಾತು. "ಪಟ್ಟಾ ನಾನೇ ಬ್ಯಾಡ ಅಂದದ್ದು." ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ಶೆಡ್ಡಿಗೆ ಹೋದೆ. ಬಾಗಿಲ ಹಿಂದಿನ ಮೊಳೆಗೆ ಆರನೆಯ ಪಟ್ಟಾ ನೇತಾಡುತ್ತಿತ್ತು. ಹಿಂದಿನ ದಿನ ಒಣಗಲೆಂದು ನಾನೇ ಹಾಕಿದ್ದೆ. ಅದನ್ನು ಚೀಲದಲ್ಲಿ ತುರುಕಿಕೊಂಡು ಊರ ಬಸ್ಸು ಹತ್ತಿದವಳು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಹನ್ನೆರಡನೆಯ ದಿನ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ಕಾಕಿ, ಬಲವಂತ ಮಾಡಿ ಊಟ ಬಡಿಸಿದರು. "ಎಂತಾ ಹಠ ಬಾಯಿ ಅವ್ರದು! ಪಟ್ಟಾ ಬ್ಯಾಡ ಅಂದ್ರಂತೆ. ಕಟ್ಕಂಡಿದ್ರೆ ಇವತ್ತು ಇರ್ತಿದ್ರು. ನನ್ ನೆನಪು ಬರ್ಲಿಲ್ವಾ ಅವ್ರಿಗೆ?" ಎಂದು ಫೋಟೋದ ಕಡೆ ತಿರುಗಿ ಬೈದರು. ನೀರು ಕುಡಿದು ನುಂಗಿದೆ, ಅನ್ನವನ್ನೂ ಮಾತನ್ನೂ.

ಅಂದಿನಿಂದ ಬಾವಿಯಲ್ಲಿ ಕೊಡ ಮುಳುಗುವಾಗ ನಾನು ಅಲ್ಲಿ ನಿಲ್ಲುವುದಿಲ್ಲ. ಗುಳುಗುಳು ಸದ್ದಿಗೆ ಹೆದರಿಕೆಯಿಲ್ಲ. ಕೊಡ ತುಂಬಿ ಆ ಸದ್ದು ನಿಲ್ಲುತ್ತದಲ್ಲ... ಅದಕ್ಕೆ.

ಮೊನ್ನೆ ಅತ್ತಿಗೆಯ ಕಾಲಿಗೆ ಎಣ್ಣೆ ತಿಕ್ಕಿ, ಮರುದಿನ ಆ ಚೀಲ ಹಿಡಿದು ಚಿತ್ತಾಕುಲಕ್ಕೆ ಹೋದೆ. ಕಾಕಿ ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಪಟ್ಟಾ ತೆಗೆದು ಅವರ ಮುಂದಿಟ್ಟೆ.

"ಕಾಕಿ, ಕಾಕಾ ಬೇಡ ಅಂದದ್ದಲ್ಲ. ನಾನು ಮರ್ತು ಬಂದಿದ್ದೆ. ನನ್ನ ಉಳಿಸೂಕೆ ಅವ್ರು ಹಾಂಗೆ ಹೇಳಿದ್ರು."

ಅವರು ಬೈಯಲಿಲ್ಲ, ಅಳಲಿಲ್ಲ. ಸೀಸದ ತುಂಡುಗಳನ್ನು ಒಂದೊಂದಾಗಿ ಮುಟ್ಟಿದರು, ಕಾಕಾ ಮುಟ್ಟುತ್ತಿದ್ದ ಹಾಗೆಯೇ. ಆಮೇಲೆ ಹೇಳಿದರು:

"ಐದು ವರ್ಷ ದಿನಾ ದೀಪ ಹಚ್ಚೂವಾಗ ಅವ್ರಿಗೆ ಬೈದೆ ಬಾಯಿ. ಅದ್ನ ಈಗ ಹೆಂಗೆ ವಾಪಸ್ ತಕಳ್ಲಿ ಹೇಳು?"

ದೂರದಿಂದ ಬಂದಿದ್ದಿ, ನೀರು ತರ್ತೆ ಎಂದು ಅವರು ಎದ್ದು ಒಳಗೆ ಹೋದರು. ಹಂಡೆಯಲ್ಲಿ ತಂಬಿಗೆ ಮುಳುಗಿಸಿದ ಗುಳುಗುಳು ಸದ್ದು ಕೇಳಿತು, ನಿಂತಿತು. ಈ ಸಲ ನಾನು ಎದ್ದು ಹೋಗಲಿಲ್ಲ. ಬಾಗಿಲ ಕಡೆ ನೋಡುತ್ತ ಕೂತೆ. ಕಾಕಿ ಬಹಳ ಹೊತ್ತು ಹೊರಗೆ ಬರಲಿಲ್ಲ.